ಧಣಿಯ ಮನೆ ಬಿದ್ದರೆ ಜೀತ ಮುಗಿಯುತ್ತದೆಯೇ?

ನಾವು ಚಪ್ಪಾಳೆ ತಟ್ಟಿದೆವು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

೨೦೨೫ರ ಅಕ್ಟೋಬರ್ ತಿಂಗಳು. ಒಂದು ಔನ್ಸ್ ಚಿನ್ನದ ಬೆಲೆ ನಾಲ್ಕು ಸಾವಿರ ಡಾಲರ್ ದಾಟಿತು ಅಂತ ಸುದ್ದಿ ಬಂದಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಏಳೆಂಟು ಜನ ಕೂತಿದ್ದೆವು. ಪೇಪರು ಓದುತ್ತಿದ್ದ ಗೆಳೆಯನೊಬ್ಬ ಎದ್ದು ನಿಂತು, "ಚಿನ್ನ ಏರಿದ್ದಲ್ಲ ಕಣ್ರೋ, ಡಾಲರ್ ಇಳಿದದ್ದು. ಅಮೆರಿಕದ ಕತೆ ಮುಗೀತಾ ಬಂತು" ಅಂದ. ಲೋಕದ ದೇಶಗಳೆಲ್ಲ ಕೂಡಿಟ್ಟ ವಿದೇಶಿ ಹಣದಲ್ಲಿ ೨೦೦೦ದ ಇಸವಿಯಲ್ಲಿ ಶೇಕಡಾ ೭೦ಕ್ಕೂ ಹೆಚ್ಚು ಡಾಲರೇ ಇತ್ತು, ೨೦೨೪ರ ಕೊನೆಗೆ ಅದು ೫೮ರ ಆಸುಪಾಸಿಗೆ ಬಂದಿದೆ ಅಂತಲೂ ಹೇಳಿದ. ವಿಯೆಟ್ನಾಮಿನ ಹಳ್ಳಿಗಳ ಮೇಲೆ ಬೆಂಕಿ ಸುರಿದವರು, ಬಡದೇಶಗಳಿಗೆ ಸಾಲ ಕೊಟ್ಟು ಕತ್ತು ಹಿಡಿದವರು ಕೊನೆಗೂ ಬೀಳುತ್ತಿದ್ದಾರೆ ಅನ್ನಿಸಿತು. ತಟ್ಟಿದೆವು.

ಅದೇ ವಾರ ಅಕ್ಕ ಫೋನು ಮಾಡಿದಳು. ಅವಳು ಬೆಂಗಳೂರಿನ ಅಂಚಿನ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು. ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇಕಡಾ ೫೦ರಷ್ಟು ಸುಂಕ ಹೇರಿತ್ತು. "ಓಟಿ ನಿಲ್ಲಿಸವ್ರೆ ಕಣೋ. ಹೊಸದಾಗಿ ಸೇರಿದ್ದ ಹುಡುಗೀರನ್ನ ನಾಳೆಯಿಂದ ಬರಬೇಡಿ ಅಂದವ್ರೆ. ಅಮೆರಿಕದ ಆರ್ಡರ್ ಇಲ್ವಂತೆ. ನೀನು ಓದಿದೋನಲ್ವಾ, ಅಲ್ಲೇನಾಗೈತೆ ಹೇಳು" ಅಂದಳು.

ಅಲ್ಲೇನಾಗೈತೆ? ಬೀಳುವ ಭಯ ಹಿಡಿದವನು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಎಳೆಯುತ್ತಿದ್ದಾನೆ, ಅವನ ಕೈಗೆ ನಮ್ಮಕ್ಕನ ಸೀರೆಯ ಸೆರಗೂ ಸಿಕ್ಕಿದೆ. ನಾವು ಚಪ್ಪಾಳೆ ತಟ್ಟಿದ್ದಕ್ಕೂ ಅವಳ ಓಟಿ ನಿಂತದ್ದಕ್ಕೂ ಕಾರಣ ಒಂದೇ. ಅವಳಿಗೆ ನೇರವಾಗಿ ಉತ್ತರ ಕೊಡಲು ನಮ್ಮಿಂದ ಆಗಲಿಲ್ಲ. ಆ ಉತ್ತರಕ್ಕಾಗಿ ಈ ಬರಹ. ಒಡೆಯ ಬಿದ್ದಾಗ ಆಳು ಸಂತೋಷಪಡುವುದು ಸರಿಯೇ? ಸರಿಯಾದರೆ, ಆ ಸಂತೋಷ ಎಲ್ಲಿಯವರೆಗೆ?

*

ನಮ್ಮ ತಾತ ಜೀತಕ್ಕಿದ್ದವರು. ಅವರ ಅಪ್ಪ ಮದುವೆ ಖರ್ಚಿಗೆ ಅಂತ ತಂದ ಸಾಲಕ್ಕೆ ಹೆಬ್ಬೆಟ್ಟು ಒತ್ತಿದ ಒಂದು ಕಾಗದ ಧಣಿಯ ಪೆಟ್ಟಿಗೆಯಲ್ಲಿತ್ತು. ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ದುಡಿದಷ್ಟೂ ಸಾಲ ಬೆಳೆಯಿತೇ ಹೊರತು ಕರಗಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಧಣಿಯ ಮನೆ ಒಡೆಯಿತು. ಅಣ್ಣತಮ್ಮಂದಿರ ವ್ಯಾಜ್ಯ, ಕೋರ್ಟು, ಕುಡಿತ. ತೊಟ್ಟಿಮನೆಯ ಹೆಂಚು ಜಾರಿದವು. ಹಟ್ಟಿಯವರು ಒಳಗೊಳಗೇ ಖುಷಿಪಟ್ಟರಂತೆ, ತಾತನೂ ಪಟ್ಟರಂತೆ. ಒಂದು ಬೆಳಗ್ಗೆ ಧಣಿಯ ಕಿರಿಮಗ ಕರೆದು, "ನಾಳೆಯಿಂದ ಮಿಲ್ಲಿನ ಸಾಹುಕಾರರ ಹತ್ರ ಹೋಗೋ, ನಿನ್ನ ಕಾಗದ ಅವರ ಹತ್ರ ಐತೆ" ಅಂದ.

ಧಣಿ ಬಿದ್ದಿದ್ದ. ಕಾಗದ ಬಿದ್ದಿರಲಿಲ್ಲ.

ನೋಟು ಅನ್ನುವುದೂ ಒಂದು ಕಾಗದವೇ. ಇದನ್ನು ತಂದವನಿಗೆ ಇಷ್ಟು ಕೊಡುತ್ತೇನೆ ಅನ್ನುವ ಮಾತು ಅದರ ಮೇಲಿರುತ್ತದೆ. ಅಂದರೆ ನೋಟು ಅಚ್ಚು ಹಾಕಿದವನೇ ಸಾಲಗಾರ, ಅದನ್ನು ಹಿಡಿದವನು ಸಾಲ ಕೊಟ್ಟವನು. ನಮ್ಮ ತಾತ ಸಾಲಗಾರನಾಗಿ ದುಡಿದ. ಲೋಕದ ಧಣಿಗಳ ವಿಷಯದಲ್ಲಿ ಇದು ತಿರುಗುಮುರುಗು. ಅಲ್ಲಿ ಸಾಲ ಮಾಡಿದವನು ಕೂತು ಉಣ್ಣುತ್ತಾನೆ, ಸಾಲ ಕೊಟ್ಟವನು ದುಡಿಯುತ್ತಾನೆ. ಬೇರೆ ದೇಶದವರು ಬಟ್ಟೆ ಹೊಲಿದು, ಚಹಾ ಕಿತ್ತು, ತಾಮ್ರ ತೋಡಿ ಕಳಿಸಬೇಕು. ಅಮೆರಿಕದವರು ಕಾಗದ ಕಳಿಸಿದರೆ ಸಾಕು. ಅರವತ್ತರ ದಶಕದಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿ ಜಿಸ್ಕಾರ್ ದೆಸ್ತಾಂಗ್ ಇದು ಮಿತಿಮೀರಿದ ಸವಲತ್ತು ಅಂತ ದೂರಿದ. ಅವನದೂ ವಸಾಹತುಗಳನ್ನು ಹಿಂಡಿದ ದೇಶವೇ. ಧಣಿಯ ಮೇಲೆ ಇನ್ನೊಬ್ಬ ಧಣಿ ಹೇಳಿದ ಚಾಡಿಯಲ್ಲೂ ಕೆಲವು ಸಲ ಸತ್ಯವಿರುತ್ತದೆ.

*

ಡಾಲರಿಗಿಂತ ಮೊದಲು ಈ ಪೀಠದಲ್ಲಿ ಕೂತಿದ್ದು ಪೌಂಡು. ಅದು ಹೇಗೆ ಇಳಿಯಿತು ಅಂತ ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

೧೯೧೪ಕ್ಕೆ ಮೊದಲು ಪೌಂಡಿನ ಮಾತಿಗೆ ಚಿನ್ನದ ಬೆಂಬಲವಿತ್ತು. ಆ ಚಿನ್ನದಲ್ಲಿ ಒಂದು ಪಾಲು ನಮ್ಮ ಕೋಲಾರದ ನೆಲದ್ದು. ಹತ್ತೊಂಬತ್ತನೇ ಶತಮಾನದ ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಗಣಿಗೆ ಬಂತು. ಇಳಿದು ತೋಡಿದವರಲ್ಲಿ ಬಹುಪಾಲು ಜನ ತಮಿಳು ಸೀಮೆಯ ಆರ್ಕಾಟ್ ಕಡೆಯಿಂದ ಹಸಿವಿಗೂ ಜಾತಿಗೂ ಹೆದರಿ ಓಡಿಬಂದ ದಲಿತರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತರು, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಸತ್ತರು. ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಸುಮಾರು ೮೦೦ ಟನ್ ಚಿನ್ನ ಕೊಟ್ಟ ಆ ಗಣಿ ೨೦೦೧ರಲ್ಲಿ ಮುಚ್ಚಿತು. ಇವತ್ತು ಅಲ್ಲಿ ಸಯನೈಡ್ ಮಣ್ಣಿನ ದಿಬ್ಬಗಳಿವೆ, ಗಾಳಿ ಬೀಸಿದಾಗ ದೂಳು ಮನೆಯೊಳಗೆ ಬರುತ್ತದೆ. ಕಾಗದದ ಹಣ ಸುಳ್ಳು, ಚಿನ್ನವೇ ಸತ್ಯ ಅಂತ ಈಗ ಉಪದೇಶ ಮಾಡುವವರು ಒಂದು ಸಲ ಆ ದಿಬ್ಬದ ಕೆಳಗೆ ನಿಂತು ಬರಲಿ.

೧೯೩೧ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾತಿನಿಂದ ಹಿಂದೆ ಸರಿಯಿತು. ಪೌಂಡು ಕುಸಿಯಿತು. ಆಗ ಅದನ್ನು ಎತ್ತಿ ಹಿಡಿದವರು ಯಾರು? ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆ ಇರಲಿಲ್ಲ, ಕಂದಾಯವೂ ಬಡ್ಡಿಯೂ ಮಾತ್ರ ಇಳಿದಿರಲಿಲ್ಲ. ಈ ದೇಶದ ಹಳ್ಳಿಗಳ ರೈತರು ಹೆಂಡತಿ ಮಕ್ಕಳ ಮೈಮೇಲಿನ ಚೂರುಪಾರು ಚಿನ್ನ ಮಾರಿದರು. ಆ ವರ್ಷಗಳಲ್ಲಿ ಕೋಟಿಗಟ್ಟಲೆ ರೂಪಾಯಿಯ ಚಿನ್ನ ದೇಶದಿಂದ ಹೊರಗೆ ಹರಿದು ಲಂಡನ್ನಿನ ಉಸಿರು ಉಳಿಸಿತು. ಅರ್ಥಶಾಸ್ತ್ರಜ್ಞರು ಅದಕ್ಕೆ ಸಂಕಟದ ಚಿನ್ನ ಅಂತಲೇ ಹೆಸರಿಟ್ಟರು. ಕಿವಿಯಲ್ಲಿ ಓಲೆ ಇಲ್ಲದ ನಮ್ಮವರ ಹತ್ತಿರ ಮಾರಲು ಅದೂ ಇರಲಿಲ್ಲ, ರಟ್ಟೆ ಮಾತ್ರ ಇತ್ತು.

ಆಮೇಲೆ ಎರಡನೇ ಮಹಾಯುದ್ಧ. ಬ್ರಿಟನ್ ಇಲ್ಲಿಂದ ಬಟ್ಟೆ, ಧಾನ್ಯ, ಕಬ್ಬಿಣ, ಸೈನಿಕರನ್ನು ತೆಗೆದುಕೊಂಡಿತು. ಕೈಯಲ್ಲಿ ಕಾಸಿರಲಿಲ್ಲ. ಲಂಡನ್ನಿನ ಲೆಕ್ಕದ ಪುಸ್ತಕದಲ್ಲಿ ಭಾರತದ ಹೆಸರಿಗೆ ಇಷ್ಟು ಪೌಂಡು ಬಾಕಿ ಅಂತ ಬರೆದರು. ಆ ಬರಹದ ಬಲದ ಮೇಲೆ ಇಲ್ಲಿ ರೂಪಾಯಿ ನೋಟು ಅಚ್ಚು ಹಾಕಿದರು. ಯುದ್ಧ ಮುಗಿಯುವ ಹೊತ್ತಿಗೆ ಚಲಾವಣೆಯ ನೋಟು ಐದು ಪಟ್ಟಿಗೂ ಮೀರಿ ಬೆಳೆದಿತ್ತು. ಸರಕು ಹಡಗಿನಲ್ಲಿ ಹೋಯಿತು, ಕಾಗದ ಊರಿನಲ್ಲಿ ಉಳಿಯಿತು. ಬೆಲೆ ಏರಿತು. ಕೂಲಿ ಏರಲಿಲ್ಲ.

೧೯೪೩ರಲ್ಲಿ ಬಂಗಾಳದಲ್ಲಿ ಇಪ್ಪತ್ತರಿಂದ ಮೂವತ್ತು ಲಕ್ಷ ಜನ ಸತ್ತರು. ಹುಡುಗನಾಗಿ ಆ ಕ್ಷಾಮವನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನ್ ೧೯೮೧ರಲ್ಲಿ ಬರೆದ ಪುಸ್ತಕದಲ್ಲಿ, ಸಾವಿಗೆ ಅಕ್ಕಿಯ ಕೊರತೆಯೊಂದೇ ಕಾರಣವಲ್ಲ, ಅಕ್ಕಿ ಕೊಳ್ಳುವ ಶಕ್ತಿ ಕೂಲಿಗಳ ಕೈಯಿಂದ ಜಾರಿದ್ದು ಕಾರಣ ಅಂತ ತೋರಿಸಿದರು. ಸತ್ತವರು ಭೂಮಿಯಿಲ್ಲದ ಕೂಲಿಗಳು, ಮೀನುಗಾರರು, ಹಳ್ಳಿಯ ಕಸುಬುದಾರರು. ಜಮೀನ್ದಾರ ಸಾಯಲಿಲ್ಲ, ವ್ಯಾಪಾರಿ ಸಾಯಲಿಲ್ಲ.

ಯುದ್ಧ ಮುಗಿದಾಗ ಬ್ರಿಟನ್ ಭಾರತಕ್ಕೆ ಕೊಡಬೇಕಾದ ಬಾಕಿ ಸುಮಾರು ೧೩೦ ಕೋಟಿ ಪೌಂಡು. ಆಳು ಒಡೆಯನಿಗೆ ಸಾಲ ಕೊಟ್ಟಿದ್ದ! ಒಡೆಯ ಏನಂದ? ನಿಮ್ಮನ್ನು ಶತ್ರುವಿನಿಂದ ಕಾಪಾಡಿದ ಖರ್ಚಿಗೆ ನಾವೇ ತಿರುಗಿ ಬಿಲ್ಲು ಹಾಕಬೇಕು ಅನ್ನುವುದು ಚರ್ಚಿಲ್ಲನ ವಾದ. ಹಣ ತಕ್ಷಣ ಸಿಗಲಿಲ್ಲ, ಕಂತಿನಲ್ಲಿ ಬಿಡುಗಡೆಯಾಯಿತು. ಅಷ್ಟರಲ್ಲಿ ೧೯೪೯ರಲ್ಲಿ ಪೌಂಡಿನ ಬೆಲೆಯನ್ನು ೪.೦೩ ಡಾಲರಿನಿಂದ ೨.೮೦ಕ್ಕೆ ಇಳಿಸಿದರು. ಉಳಿದಿದ್ದ ಬಾಕಿಯಲ್ಲಿ ಅಮೆರಿಕದ ಗೋಧಿ ಕೊಳ್ಳುವ ಶಕ್ತಿ ಶೇಕಡಾ ೩೦ರಷ್ಟು ಕಲಮಿನ ಒಂದು ಗೀಟಿಗೆ ಹಾರಿಹೋಯಿತು. ೧೯೬೭ರಲ್ಲಿ ಮತ್ತೆ ೨.೪೦ಕ್ಕೆ ಇಳಿಸಿದರು.

ಪೌಂಡು ಬಿತ್ತು, ನಿಜ. ಬೀಳುವುದಕ್ಕೆ ಅರ್ಧ ಶತಮಾನ ತೆಗೆದುಕೊಂಡಿತು. ಬೀಳುವಾಗ ಪ್ರತಿ ಮೆಟ್ಟಿಲಲ್ಲೂ ಯಾರದೋ ಬೆನ್ನ ಮೇಲೆ ಕಾಲಿಟ್ಟು ಇಳಿಯಿತು.

*

ಡಾಲರು ಪೀಠ ಏರಿದ್ದು ೧೯೪೪ರ ಜುಲೈನಲ್ಲಿ, ಅಮೆರಿಕದ ಬ್ರೆಟನ್ ವುಡ್ಸ್ ಅನ್ನುವ ಊರಿನ ಹೋಟೆಲಿನಲ್ಲಿ. ೪೪ ದೇಶಗಳ ಪ್ರತಿನಿಧಿಗಳು ಸೇರಿದ್ದರು. ಯಾವ ಒಂದು ದೇಶದ್ದೂ ಅಲ್ಲದ 'ಬ್ಯಾಂಕೋರ್' ಎಂಬ ಲೆಕ್ಕದ ಹಣ ಇರಲಿ, ಸಾಲ ಪಡೆದವನಷ್ಟೇ ಅಲ್ಲ, ವ್ಯಾಪಾರದಲ್ಲಿ ಗೆದ್ದು ಗುಡ್ಡೆ ಹಾಕಿಕೊಂಡವನೂ ದಂಡ ಕಟ್ಟಲಿ ಅನ್ನುವುದು ಬ್ರಿಟನ್ನಿನ ಕೇನ್ಸನ ಯೋಜನೆಯಾಗಿತ್ತು. ಅವನ ದೇಶ ಬೀಳುತ್ತಿತ್ತು, ಆದ್ದರಿಂದ ನ್ಯಾಯ ನೆನಪಾಗಿತ್ತು. ಅಮೆರಿಕ ಒಪ್ಪಲಿಲ್ಲ. ೩೫ ಡಾಲರಿಗೆ ಒಂದು ಔನ್ಸ್ ಚಿನ್ನ ಅಂತ ಮಾತು ಕೊಟ್ಟಿತು.

ಆ ಮಾತಿನ ಮೇಲೆ ಯುದ್ಧ ನಡೆಸಿತು, ಲೋಕದ ತುಂಬ ಸೈನ್ಯದ ಠಾಣೆ ಕಟ್ಟಿತು, ಗೋಧಿಯನ್ನೂ ಹಂಚಿತು. ಇಲ್ಲಿ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. ನಮ್ಮ ಅಪ್ಪ ಶಾಲೆಗೆ ಹೋಗಿದ್ದು ಅಕ್ಷರದ ಆಸೆಗಲ್ಲ, ಮಧ್ಯಾಹ್ನ ಕೊಡುತ್ತಿದ್ದ ಕೇರ್ ಸಂಸ್ಥೆಯ ಹಳದಿ ಉಪ್ಪಿಟ್ಟಿಗೆ. ಏಳನೇ ಕ್ಲಾಸಿನವರೆಗೆ ಹೋದರು, ಆದ್ದರಿಂದ ನಮ್ಮನ್ನು ಓದಿಸಬೇಕೆಂದು ಅವರಿಗೆ ಅನ್ನಿಸಿತು. ನಮ್ಮ ಪದವಿಯಲ್ಲಿ ಆ ಅಮೆರಿಕದ ಉಪ್ಪಿಟ್ಟಿನ ಪಾಲಿದೆ. ಅದನ್ನು ಮುಚ್ಚಿಟ್ಟು ಬಂಡಾಯದ ಮಾತಾಡಿದರೆ ಸುಳ್ಳಾಗುತ್ತದೆ. ಆದರೆ ೧೯೬೫-೬೬ರ ಬರಗಾಲದಲ್ಲಿ ಇದೇ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ತಡೆತಡೆದು ಬಿಟ್ಟ, ವಿಯೆಟ್ನಾಂ ಬಗ್ಗೆ ಭಾರತ ಬಾಯಿ ತೆರೆಯಬಾರದು ಅಂತ. ೧೯೬೬ರ ಜೂನ್ ೬ರಂದು ರೂಪಾಯಿಯನ್ನು ಡಾಲರಿಗೆ ೪.೭೬ರಿಂದ ೭.೫೦ಕ್ಕೆ ಇಳಿಸಬೇಕಾಯಿತು. ಧಣಿಯ ಮನೆಯ ತಂಗಳಲ್ಲೂ ಹೀಗೇ, ಹೊಟ್ಟೆ ತುಂಬುತ್ತದೆ, ಬಾಯಿ ಕಟ್ಟುತ್ತದೆ.

ಕೊಟ್ಟ ಮಾತಿಗಿಂತ ಕಾಗದ ಹೆಚ್ಚಾಯಿತು. ೧೯೭೧ರ ಆಗಸ್ಟ್ ೧೫ರಂದು, ನಾವಿಲ್ಲಿ ಬಾವುಟ ಹಾರಿಸುತ್ತಿದ್ದ ದಿನ, ಅಧ್ಯಕ್ಷ ನಿಕ್ಸನ್ ಇನ್ನು ಚಿನ್ನ ಕೊಡುವುದಿಲ್ಲ ಅಂದ. ಡಾಲರಿನ ಕಾಲ ಮುಗಿಯಿತು ಅಂತ ಆಗಲೂ ಬರೆದರು. ಮುಗಿಯಲಿಲ್ಲ. ಯಾಕೆ ಮುಗಿಯಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ೧೯೭೯ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿಗೆ ಬಂದ ಪಾಲ್ ವೋಲ್ಕರ್ ಡಾಲರಿನ ಮಾನ ಉಳಿಸಲು ಬಡ್ಡಿ ಏರಿಸಿದ. ೧೯೮೦-೮೧ರ ಹೊತ್ತಿಗೆ ಅದು ಶೇಕಡಾ ೨೦ರ ಹತ್ತಿರ ಹೋಯಿತು. ಅಮೆರಿಕದಲ್ಲೇ ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಕಾರ್ಮಿಕರು ಬೀದಿಗೆ ಬಿದ್ದರು. ಇತ್ತ ಡಾಲರಿನಲ್ಲಿ ಸಾಲ ತಂದಿದ್ದ ದೇಶಗಳ ಬಡ್ಡಿ ರಾತ್ರೋರಾತ್ರಿ ಬೆಳೆಯಿತು. ೧೯೮೨ರ ಆಗಸ್ಟಿನಲ್ಲಿ ಮೆಕ್ಸಿಕೋ ಕೈಯೆತ್ತಿತು, ಹಿಂದೆಯೇ ದಕ್ಷಿಣ ಅಮೆರಿಕದ ದೇಶಗಳು ಸಾಲಾಗಿ ಬಿದ್ದವು. ಆಸ್ಪತ್ರೆ ಶಾಲೆಗಳ ಖರ್ಚು ಕಡಿದು ಬಡ್ಡಿ ಕಟ್ಟಿದರು. ಆ ಹತ್ತು ವರ್ಷಗಳಿಗೆ ಅಲ್ಲಿನವರು ಕಳೆದುಹೋದ ದಶಕ ಅನ್ನುತ್ತಾರೆ. ಡಾಲರು ಉಳಿಯಿತು. ಪೌಂಡು ಬಿದ್ದಾಗ ತೆತ್ತವರು ಯಾರೋ, ಡಾಲರು ಉಳಿದಾಗ ತೆತ್ತವರೂ ಅವರ ಒಡಹುಟ್ಟಿದವರೇ.

*

ಈಗಿನ ಸಂಗತಿಗೆ ಬರೋಣ. ೨೦೨೨ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ, ಅದು ಹೊರಗಿಟ್ಟಿದ್ದ ಸುಮಾರು ೩೦,೦೦೦ ಕೋಟಿ ಡಾಲರ್ ಬೆಲೆಯ ಹಣವನ್ನು ಅಮೆರಿಕ ಮತ್ತು ಯೂರೋಪು ತಡೆಹಿಡಿದವು. ದಾಳಿ ಮಾಡಿದವನ ಮೇಲೆ ನಮಗೆ ಕನಿಕರವಿಲ್ಲ. ಆದರೆ ನಾಳೆ ನಮ್ಮದನ್ನೂ ತಡೆದರೆ ಅಂತ ಬೇರೆ ಸರ್ಕಾರಗಳು ಹೆದರಿದವು. ೨೦೨೨, ೨೦೨೩, ೨೦೨೪, ಮೂರೂ ವರ್ಷ ಲೋಕದ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕು ಲಂಡನ್ನಿನಲ್ಲಿಟ್ಟಿದ್ದ ನೂರು ಟನ್ ಚಿನ್ನ ಮನೆಗೆ ತಂದ ಸುದ್ದಿ ೨೦೨೪ರಲ್ಲಿ ಬಂತು. ೧೯೯೧ರ ಬಿಕ್ಕಟ್ಟಿನಲ್ಲಿ ಸುಮಾರು ೪೭ ಟನ್ ಚಿನ್ನವನ್ನು ಇದೇ ಬ್ಯಾಂಕು ವಿಮಾನದಲ್ಲಿ ಕಳಿಸಿ ಅಡವಿಟ್ಟಿತ್ತು ಅನ್ನುವುದು ನೆನಪಿರಲಿ. ೨೦೨೪ರಲ್ಲಿ ರಷ್ಯಾದ ಕಜಾನ್‌ನಲ್ಲಿ ಬ್ರಿಕ್ಸ್ ದೇಶಗಳು ಸೇರಿ ತಮ್ಮತಮ್ಮ ಹಣದಲ್ಲೇ ವ್ಯಾಪಾರ ಮಾಡುವ ಮಾತಾಡಿದವು. ಅದಾದ ತಿಂಗಳಿಗೇ, ಡಾಲರಿಗೆ ಬದಲು ಹುಡುಕಿದರೆ ನೂರಕ್ಕೆ ನೂರು ಸುಂಕ ಹಾಕುತ್ತೇನೆ ಅಂತ ಟ್ರಂಪ್ ಬೆದರಿಸಿದ.

ಹಾಗಂತ ಡಾಲರು ಇವತ್ತೋ ನಾಳೆಯೋ ಬೀಳುತ್ತದೆ ಅಂದರೆ ಅದು ಆಸೆಯ ಮಾತು. ೨೦೨೫ರ ಲೆಕ್ಕದಲ್ಲೂ ಲೋಕದ ಹಣ ವಿನಿಮಯದಲ್ಲಿ ನೂರಕ್ಕೆ ೮೯ ವಹಿವಾಟುಗಳ ಒಂದು ಕಡೆ ಡಾಲರೇ ಇದೆ. ದೇಶಗಳು ಕೂಡಿಟ್ಟ ಹಣದಲ್ಲಿ ಚೀನಾದ ಯುವಾನಿನ ಪಾಲು ೨೦೨೪ರ ಕೊನೆಗೆ ಶೇಕಡಾ ಎರಡು ಚಿಲ್ಲರೆ. ಇಳಿಜಾರು ಇದೆ, ಅದು ಬಹಳ ಉದ್ದ ಇದೆ. ಆ ಉದ್ದಕ್ಕೂ ಯಾರ ಬೆನ್ನು ಸಿಗುತ್ತದೆ ಅನ್ನುವುದೇ ನಮ್ಮ ಪ್ರಶ್ನೆ.

ಪೀಠಕ್ಕೆ ಬರಲು ಕಾಯುತ್ತಿರುವವರನ್ನೂ ನೋಡಿ. ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಬಿಡದ ಸರ್ಕಾರ ಒಂದು. ತೈಲದ ದೊರೆಗಳು ಇನ್ನೊಂದು. ನಾಳೆ ರೂಪಾಯಿಯೇ ಲೋಕದ ಹಣವಾಗುತ್ತದೆ ಅಂತ ಎದೆ ತಟ್ಟುವ ನಮ್ಮವರೂ ಇದ್ದಾರೆ. ಆಗಲಿ. ಆ ರೂಪಾಯಿಯ ಮೇಲೆ ಗಾಂಧಿ ನಗುತ್ತಿರುತ್ತಾರೆ, ಮ್ಯಾನ್‌ಹೋಲಿಗೆ ಇಳಿಯುವವನು ಇಳಿಯುತ್ತಲೇ ಇರುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇದು ಧಣಿ ಧಣಿಗಳ ಜಗಳ, ಕೂಸು ಮಾತ್ರ ನಮ್ಮದು.

ಈ ವಿಷಯದಲ್ಲಿ ನಮಗೆ ದಾರಿ ತೋರುವವರು ಬಾಬಾಸಾಹೇಬರು. ಸಂವಿಧಾನದ ಅಂಬೇಡ್ಕರ್ ಎಲ್ಲರಿಗೂ ಗೊತ್ತು. ೧೯೨೩ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದ ಅಂಬೇಡ್ಕರ್ ಅಷ್ಟಾಗಿ ಗೊತ್ತಿಲ್ಲ. ರೂಪಾಯಿಯನ್ನು ಪೌಂಡಿನ ಬಾಲಕ್ಕೆ ಕಟ್ಟಿದ್ದ ವ್ಯವಸ್ಥೆಯನ್ನು ಕೇನ್ಸ್ ಹೊಗಳಿದ್ದ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಹೊರದೇಶದ ಹಣದೆದುರು ರೂಪಾಯಿ ನೆಟ್ಟಗಿದ್ದರೆ ಸಾಲದು, ಅದು ಸಂತೆಯಲ್ಲಿ ಎಷ್ಟು ಸರಕು ಕೊಳ್ಳುತ್ತದೆ ಅನ್ನುವುದು ನೆಟ್ಟಗಿರಬೇಕು ಅಂದರು. ನೋಟು ಹೊರಡಿಸುವವರ ಕೈಗೆ ಕಡಿವಾಣ ಬೇಕು ಅಂದರು. ೧೯೨೫ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ಹೇಳುವಾಗಲೂ, ರೂಪಾಯಿ ಅಗ್ಗವಾದಾಗ ವ್ಯಾಪಾರಿಗೆ ಸಿಗುವ ಲಾಭ ಆಕಾಶದಿಂದ ಬೀಳುವುದಿಲ್ಲ, ಕೂಲಿಯವನ ಜೇಬಿನಿಂದ ಬರುತ್ತದೆ ಅನ್ನುವುದು ಅವರ ವಾದದ ತಿರುಳಾಗಿತ್ತು.

ಈ ಅಳತೆಗೋಲನ್ನು ನಮ್ಮಕ್ಕನ ಬದುಕಿಗೆ ಹಿಡಿಯೋಣ. ೨೦೨೫ರ ಡಿಸೆಂಬರಿನಲ್ಲಿ ಒಂದು ಡಾಲರಿಗೆ ೯೦ ರೂಪಾಯಿ ದಾಟಿತು. ರಫ್ತು ಮಾಡುವವನಿಗೆ ಪ್ರತಿ ಡಾಲರಿಗೂ ಹೆಚ್ಚು ರೂಪಾಯಿ. ಅಕ್ಕನ ಸಂಬಳ ರೂಪಾಯಿಯಲ್ಲಿ, ಅದು ಇದ್ದಷ್ಟೇ. ಈ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಡಾಲರು ಕೊಟ್ಟು ತರಬೇಕು. ಡಾಲರು ಇತರರೆದುರು ಇಳಿದರೂ ನಮ್ಮ ಒಗ್ಗರಣೆಗೆ ಅದು ಏರಿಯೇ ಇತ್ತು. ಅಕ್ಕ ಈ ಲೆಕ್ಕವನ್ನು ಪುಸ್ತಕವಿಲ್ಲದೆ ಮಾಡಬಲ್ಲಳು.

*

ಹಾಗಾದರೆ ಧಣಿಯ ಮನೆಗೆ ನಾವೇ ಊರುಗೋಲು ಕೊಡಬೇಕೇ ಅಂತ ಗೆಳೆಯರು ಕೇಳುತ್ತಾರೆ. ಇಲ್ಲ. ಬೀಳುವುದು ಬೀಳಲಿ. ನೂರಾರು ವರ್ಷ ತುಳಿಸಿಕೊಂಡವನು ತುಳಿದವನ ಕಾಲು ಜಾರಿದಾಗ ನಗುವುದು ಪಾಪವಲ್ಲ. ಆ ನಗುವೇ ಬಿಡುಗಡೆ ಅಂತ ತಿಳಿಯುವುದು ಮಾತ್ರ ನಮಗೆ ನಾವೇ ಮಾಡಿಕೊಳ್ಳುವ ಮೋಸ. ದ್ವೇಷ ನಮ್ಮನ್ನು ಎಚ್ಚರಿಸುತ್ತದೆ, ಸರಿ. ಆದರೆ ಧಣಿಯ ಮುಖವನ್ನೇ ದಿಟ್ಟಿಸುತ್ತಾ ಕೂತರೆ ಅವನ ಪೆಟ್ಟಿಗೆಯಲ್ಲಿರುವ ಕಾಗದ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ತಾತ ಬಿಡುಗಡೆಯಾದದ್ದು ಧಣಿ ಬಿದ್ದ ದಿನ ಅಲ್ಲ. ೧೯೭೬ರಲ್ಲಿ ಜೀತ ನಿಷೇಧದ ಕಾನೂನು ಬಂತು. ಕಾನೂನು ಬಂದಾಗಲೂ ಅಲ್ಲ. ಅದಾಗಿ ಎರಡು ವರ್ಷಕ್ಕೆ ಸಂಘದ ಹುಡುಗರು ಹಟ್ಟಿಗೆ ಬಂದು, ಹದಿನೇಳು ಜನ ಜೀತದಾಳುಗಳನ್ನು ಒಟ್ಟಿಗೆ ತಾಲ್ಲೂಕು ಕಚೇರಿಗೆ ನಡೆಸಿಕೊಂಡು ಹೋದರಂತೆ. ಅವತ್ತು ಮಿಲ್ಲಿನ ಸಾಹುಕಾರ ಬೀಳುವ ಸ್ಥಿತಿಯಲ್ಲೇನೂ ಇರಲಿಲ್ಲ, ಚೆನ್ನಾಗಿಯೇ ಇದ್ದ. ಆದರೂ ಆ ಕಾಗದ ಹರಿಯಿತು.

ಆದ್ದರಿಂದ ಯಾವ ಹಣ ಏರಿತು, ಯಾವುದು ಇಳಿಯಿತು ಅಂತ ಸುದ್ದಿ ಬಂದಾಗ ನಾವು ಕೇಳಬೇಕಾದ್ದು ಬೇರೆ. ಬಡದೇಶಗಳ ತಲೆಯ ಮೇಲಿನ ಹಳೆಯ ಸಾಲದ ಕಾಗದ ಹರಿಯುತ್ತಾರೋ, ಹೊಸ ಧಣಿಯ ಹೆಸರಿಗೆ ಬರೆದುಕೊಡುತ್ತಾರೋ? ಬದಲಾವಣೆಯ ಹೊಡೆತ ಬಿದ್ದಾಗ ಮೊದಲು ಕೈಬಿಡುವುದು ಯಾರನ್ನು, ಬ್ಯಾಂಕನ್ನೋ ಹೊಲಿಯುವವಳನ್ನೋ? ರೂಪಾಯಿ ಸವೆದಷ್ಟೂ ಕೂಲಿ ಏರಬೇಕು ಅನ್ನುವ ಮಾತು ಕಾಗದದ ಮೇಲೆ ಬರುತ್ತದೋ ಇಲ್ಲವೋ? ಈ ಪ್ರಶ್ನೆಗಳನ್ನು ವಾಷಿಂಗ್ಟನ್ನಿಗೂ ಕೇಳಬೇಕು, ಬೀಜಿಂಗಿಗೂ ಕೇಳಬೇಕು, ದೆಹಲಿಗೆ ಇನ್ನೂ ಗಟ್ಟಿಯಾಗಿ ಕೇಳಬೇಕು. ಶಾಲೆಯಲ್ಲಿ ಪಾಠ ಮಾಡುವ ಗೆಳೆಯರು ಪೌಂಡು ಡಾಲರುಗಳ ಚರಿತ್ರೆ ಹೇಳುವಾಗ ಕೋಲಾರದ ದಿಬ್ಬವನ್ನೂ ೧೯೪೩ನ್ನೂ ಬಿಡದೆ ಹೇಳಲಿ.

ಅಕ್ಕನಿಗೆ ಮೊನ್ನೆ ಇದನ್ನೆಲ್ಲ ಹೇಳಿದೆವು. ಪೂರ್ತಿ ಕೇಳಿಸಿಕೊಂಡಳು. "ಅಂದ್ರೆ ಅಲ್ಲಿ ಯಾರು ಬಿದ್ರೂ ಎದ್ರೂ ನಾವೇ ನಮ್ಮ ಕಾಗದ ಹರ್ಕೋಬೇಕು ಅನ್ನು" ಅಂದಳು. ಆಮೇಲೆ, ಭಾನುವಾರ ಅವಳ ಲೈನಿನ ಹುಡುಗಿಯರು ಯೂನಿಯನ್ನಿನವರನ್ನು ನೋಡಲು ಹೋಗುತ್ತಿದ್ದಾರಂತೆ, ಅರ್ಜಿ ಬರೆದುಕೊಡು ಬಾ ಅಂತ ಕರೆದಳು.

ಹೋಗುತ್ತಿದ್ದೇವೆ.